ಬೈಬಲಮ್ಮ ರೊಟ್ಟಿ ತೆಗೆದುಕೊಳ್ಳಲಿಲ್ಲ

ಆಗ ನನಗೆ ಐವತ್ತೇಳು ವರ್ಷ. ರೇಷನ್ ಕಾರ್ಡಿನ ಲೆಕ್ಕ ಅದು, ನಮ್ಮವ್ವನ ಲೆಕ್ಕ ಬೇರೆ ಇತ್ತು. ಅದಾಗಿ ಇಪ್ಪತ್ತು ವರ್ಷ ಕಳೆದಿದೆ. ಬನ್ನೇರುಘಟ್ಟ ರಸ್ತೆಯ ಮಗ್ಗುಲಲ್ಲಿದ್ದ ನಮ್ಮ ಚರ್ಚಿನಲ್ಲಿ ಗಂಟೆ ಹೊಡೆಯುವುದು, ಕಸ ಗುಡಿಸುವುದು, ಬೆಂಚು ಒರೆಸುವುದು ನನ್ನ ಕೆಲಸ. ಮೊದಲು ನನ್ನ ಗಂಡ ಮಾಡುತ್ತಿದ್ದ. ಅವನು ಸತ್ತ ಮೇಲೆ, ಬೇರೆ ಗಂಡಾಳು ಸಿಗುವ ತನಕ ನೀನೇ ನೋಡಿಕೋ ಎಂದು ಕಮಿಟಿಯವರು ಹೇಳಿದರು. ಗಂಡಾಳು ಸಿಗಲೇ ಇಲ್ಲ. ಹುಡುಕಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹಗ್ಗ ಎಳೆಯುತ್ತಾ ಹೋದೆ. ಹೆಂಗಸು ಎಳೆದಳೆಂದು ಗಂಟೆಯ ದನಿ ಬೇರೆಯಾಗಲಿಲ್ಲ.

ಚರ್ಚಿನ ಹಿಂದೆ ಎರಡು ಕೋಣೆಗಳಿದ್ದವು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಬೈಬಲಮ್ಮ. ಬೈಬಲಮ್ಮ ಎಂಬುದು ಹೆಸರಲ್ಲ, ಕೆಲಸ. ಮನೆಮನೆಗೆ ಹೋಗಿ ಹೆಂಗಸರ ಹತ್ತಿರ ಕೂತು ಬೈಬಲ್ ಓದಿ ಹೇಳಬೇಕು, ಕಾಯಿಲೆ ಬಿದ್ದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಬೇಕು. ನಮ್ಮ ಸಭೆಗಳಲ್ಲಿ ಹಿಂದಿನಿಂದಲೂ ಇದಕ್ಕೆ ಹೆಂಗಸರನ್ನೇ ಇಟ್ಟುಕೊಳ್ಳುತ್ತಿದ್ದರು. ಬಿಳಿ ಸೀರೆ, ಕರಿ ಕೊಡೆ, ಹೆಗಲಿಗೊಂದು ಬಟ್ಟೆ ಚೀಲ. ಅರೆಕೆರೆಯಲ್ಲಿ ಇನ್ನೂ ರಾಗಿ ಹೊಲ ಇದ್ದ ಕಾಲದಿಂದ ಆಕೆ ಆ ದಾರಿಗಳಲ್ಲಿ ನಡೆದಿದ್ದಳು. ಗೊಟ್ಟಿಗೆರೆಯ ಶೀಟಿನ ಮನೆಗಳು, ಆಚೆ ವಸಂತಪುರ, ಎಲ್ಲ ಕಡೆ ಹೆಂಗಸರಿಗೆ ಆಕೆ ಗೊತ್ತು. ನಮ್ಮ ಸಭೆಯಲ್ಲಿ ಅರ್ಧ ಜನ ಆಕೆಯ ಹಿಂದೆ ನಡೆದು ಬಂದವರೇ. ನನಗೆ ಅಕ್ಷರ ಕಲಿಸಿದ್ದೂ ಆಕೆಯೇ. ಕೀರ್ತನೆ ಪುಸ್ತಕದ ದಪ್ಪ ಅಕ್ಷರದ ಮೇಲೆ ಬೆರಳಿಟ್ಟು ಓದಬೇಕು, ಒತ್ತಕ್ಷರದಲ್ಲಿ ಎಡವಿದರೆ ಗೆಣ್ಣಿಗೆ ಕೊಡೆಯ ಹಿಡಿಯಿಂದ ಪೆಟ್ಟು. ಈಗ ನಾನು ಇಷ್ಟು ಬರೆಯುತ್ತಿರುವುದು ಆ ಪೆಟ್ಟಿನಿಂದ.

ಇಷ್ಟೆಲ್ಲ ಮಾಡಿದವಳು ಚರ್ಚಿನೊಳಗೆ ಪೀಠದ ಮೆಟ್ಟಿಲು ಹತ್ತುತ್ತಿರಲಿಲ್ಲ. ಪೀಠದ ಮುಂದೆ ಮೂರು ಮೆಟ್ಟಿಲು, ಅದರ ಕೆಳಗೆ ಮರದ ಕಟಕಟೆ. ಹೆಂಗಸರ ಕೂಟದ ದಿನ ಆಕೆ ಮಾತಾಡುವುದಿದ್ದರೆ ಕಟಕಟೆಯ ಈಚೆ ನೆಲದ ಮೇಲೆ ನಿಂತು ಮಾತಾಡುತ್ತಿದ್ದಳು. ಭಾನುವಾರ ಬೆಂಚು ಖಾಲಿ ಇದ್ದರೂ ಮುಂದೆ ಚಾಪೆ ಹಾಸಿ ಕೂರುತ್ತಿದ್ದಳು. ನಾನು ದಿನಾ ಪೊರಕೆ ಹಿಡಿದು ಆ ಮೂರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ, ಯಾರೂ ಏನೂ ಅನ್ನುತ್ತಿರಲಿಲ್ಲ. ಒಮ್ಮೆ ಇದನ್ನೇ ಆಕೆಗೆ ಹೇಳಿದೆ. ನೀನು ಗುಡಿಸೋಕೆ ಹೋಗ್ತೀಯ, ನಾನು ಯಾತಕ್ಕೆ ಹೋಗಲಿ ಎಂದಳು.

ಆಕೆಗೆ ಮದುವೆ ಆಗಿರಲಿಲ್ಲ. ಸತ್ತ ತಂಗಿಯ ಮಗಳನ್ನು ಚಿಕ್ಕಂದಿನಿಂದ ಸಾಕಿದ್ದಳು. ಆ ಹುಡುಗಿ ಆಕೆಯನ್ನು ದೊಡ್ಡಮ್ಮ ಎಂದೂ ನನ್ನನ್ನು ಚಿಕ್ಕಮ್ಮ ಎಂದೂ ಕರೆಯುತ್ತಾ ನಮ್ಮಿಬ್ಬರ ಕೋಣೆಗಳ ನಡುವೆ ಬೆಳೆದಳು. ಜಯನಗರದ ಕಾಲೇಜಿಗೆ ಹೋದಳು. ಆಮೇಲೆ ದೇವರ ವಿಷಯ ಓದುವ ಕಾಲೇಜಿಗೆ ಸೇರುತ್ತೇನೆ ಎಂದಾಗ ದೊಡ್ಡಮ್ಮನಿಗೆ ಸಂತೋಷವೇ ಆಯಿತು. ಹುಡುಗಿ ಓದಿ ಬಂದು ಬೈಬಲ್ ಶಾಲೆಯಲ್ಲಿ ಟೀಚರ್ ಆಗುತ್ತಾಳೆ ಎಂದು ಆಕೆಯ ಎಣಿಕೆ. ಹುಡುಗಿ ಪಾದ್ರಿಯಾಗುತ್ತೇನೆ ಎಂದಳು. ನಮ್ಮ ಸಭೆಯ ಕಾನೂನಿನಲ್ಲಿ ಹೆಂಗಸು ಪಾದ್ರಿಯಾಗಬಹುದೆಂದು ಅದಕ್ಕೆ ಬಹಳ ಮುಂಚೆಯೇ ಬರೆದಿತ್ತು. ಕಾನೂನು ಬೇರೆ, ಬೆಂಚಿನಲ್ಲಿ ಕೂತವರು ಬೇರೆ. ದೀಕ್ಷೆ ಕೊಡುವ ದಿನ ನಾನು ಹೋಗಿದ್ದೆ. ದೊಡ್ಡಮ್ಮ ಮಂಡಿ ನೋವು ಎಂದು ಮನೆಯಲ್ಲಿ ಉಳಿದಳು. ಆ ದಿನ ಅದೇ ಮಂಡಿಯಲ್ಲಿ ಗೊಟ್ಟಿಗೆರೆಗೆ ಹೋಗಿ ಬಂದಿದ್ದಳು ಎಂದು ಆಮೇಲೆ ಗೊತ್ತಾಯಿತು.

ಬಿಷಪ್ಪರು ಏನು ಯೋಚಿಸಿದರೋ, ಕೆಲವು ವರ್ಷದ ಮೇಲೆ ಹುಡುಗಿಯನ್ನು ನಮ್ಮ ಚರ್ಚಿಗೇ ಹಾಕಿದರು. ಜನರಿಗೆ ಆಕೆಯನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ನಮ್ಮಲ್ಲಿ ಪಾದ್ರಿಗೆ ಅಯ್ಯನವರು ಎನ್ನುತ್ತೇವೆ, ಪಾದ್ರಿಯ ಹೆಂಡತಿಗೆ ಅಮ್ಮನವರು ಎನ್ನುತ್ತೇವೆ. ಇವಳು ಯಾರ ಹೆಂಡತಿಯೂ ಅಲ್ಲ. ಮಕ್ಕಳು ಟೀಚರ್ ಎಂದವು. ಕಮಿಟಿಯ ಸೆಕ್ರೆಟರಿ ಕೊನೆಯ ತನಕ ಮೇಡಂ ಎಂದೇ ಕರೆದರು, ಬ್ಯಾಂಕಿನಲ್ಲಿ ಕರೆಯುವ ಹಾಗೆ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಪಾದ್ರಿ ರೊಟ್ಟಿಯ ತುಂಡು ಕೊಡುತ್ತಾರೆ, ದ್ರಾಕ್ಷಾರಸ ಕೊಡುತ್ತಾರೆ, ನಾವು ಕಟಕಟೆಯ ಹತ್ತಿರ ಮಂಡಿಯೂರಿ ಕೈಚಾಚಿ ತೆಗೆದುಕೊಳ್ಳುತ್ತೇವೆ. ಹುಡುಗಿ ಕೊಟ್ಟ ಮೊದಲನೇ ಭೋಜನದ ದಿನ ಮುಂದಿನ ಬೆಂಚಿನ ಕೆಲವು ಗಂಡಸರಿಗೆ ಊರಿಗೆ ಹೋಗುವ ಕೆಲಸ ಬಂದಿತ್ತು. ಉಳಿದವರು ಮುಂದೆ ಹೋದರು. ನಾನೂ ಹೋದೆ. ಹಿಂದಿನ ದಿನ ನಾನೇ ಕತ್ತರಿಸಿಟ್ಟ ರೊಟ್ಟಿ, ಎಂದಿನ ರುಚಿಯೇ ಇತ್ತು. ಎಲ್ಲರೂ ಮುಗಿದ ಮೇಲೆ ಚಾಪೆಯ ಮೇಲೆ ಒಬ್ಬಳು ಉಳಿದಳು. ಹುಡುಗಿ ತಟ್ಟೆ ಹಿಡಿದು ಚಾಪೆಯ ಕಡೆ ನೋಡುತ್ತಾ ನಿಂತಳು. ಕೀರ್ತನೆ ಮುಗಿಯಿತು. ಹಾರ್ಮೋನಿಯಂನವನು ಇನ್ನೊಂದು ಸಲ ಬಾರಿಸಿದ. ಬೈಬಲಮ್ಮ ತಲೆಯೆತ್ತಲಿಲ್ಲ. ಹುಡುಗಿ ತಟ್ಟೆಯ ಮೇಲೆ ಬಟ್ಟೆ ಮುಚ್ಚಿದಳು.

ಅದನ್ನು ಎಲ್ಲರೂ ನೋಡಿದರು. ಬೈಬಲಮ್ಮನೇ ತಗೊಳ್ಳಲಿಲ್ಲ ಎಂಬ ಮಾತು ಹಬ್ಬಿತು. ಊರಿಗೆ ಹೋಗಿದ್ದ ಗಂಡಸರಿಗೆ ಅದಕ್ಕಿಂತ ಬೇರೆ ಬೇಕಿರಲಿಲ್ಲ.

ಮುಂದಿನ ತಿಂಗಳಿನಿಂದ ಭೋಜನದ ಭಾನುವಾರ ಆಕೆ ಬಸ್ಸು ಹಿಡಿದು ಬನಶಂಕರಿ ಕಡೆಯ ಇನ್ನೊಂದು ಚರ್ಚಿಗೆ ಹೋಗತೊಡಗಿದಳು. ಅಲ್ಲಿ ಗಂಡು ಪಾದ್ರಿ. ಹೀಗೆ ಮೂರು ನಾಲ್ಕು ತಿಂಗಳು ನಡೆಯಿತು. ನಮ್ಮ ಸಭೆಗಳಲ್ಲಿ ಒಂದು ಪದ್ಧತಿ ಇದೆ. ವರ್ಷದಲ್ಲಿ ಒಂದು ಭಾನುವಾರ ಪಾದ್ರಿಗಳು ಅದಲು ಬದಲಾಗುತ್ತಾರೆ, ಈ ಚರ್ಚಿನವರು ಆ ಚರ್ಚಿಗೆ, ಆ ಚರ್ಚಿನವರು ಈ ಚರ್ಚಿಗೆ. ಆ ಸಲ ಅದು ಭೋಜನದ ಭಾನುವಾರವೇ ಬಂತು. ಹಿಂದಿನ ವಾರವೇ ಚರ್ಚಿನಲ್ಲಿ ಹೇಳಿದ್ದರಂತೆ. ಬೈಬಲಮ್ಮ ಆ ವಾರ ವಸಂತಪುರದಲ್ಲಿ ಒಬ್ಬಳ ಬಾಣಂತನಕ್ಕೆ ಹೋಗಿದ್ದಳು, ಕೇಳಿಸಿಕೊಂಡಿರಲಿಲ್ಲ. ನಾನು ಹೊರಗೆ ಗಂಟೆಯ ಹತ್ತಿರ ಇರುವವಳು, ನನಗೂ ತಿಳಿದದ್ದು ಆ ಬೆಳಿಗ್ಗೆ ಬೇರೆ ಪಾದ್ರಿ ಸ್ಕೂಟರಿನಲ್ಲಿ ಬಂದು ಇಳಿದಾಗ. ಅಷ್ಟರಲ್ಲಿ ಆಕೆ ಬಸ್ಸು ಹತ್ತಿಯಾಗಿತ್ತು.

ಮಧ್ಯಾಹ್ನ ಬಂದು ನನ್ನ ಹೊಸಲಿನ ಮೇಲೆ ಕೂತಳು. ನೀರು ಕೇಳಿದಳು. ಕೊಟ್ಟೆ. ಬಸ್ಸು ತಡವಾಗಿ ಆರಾಧನೆ ಅರ್ಧ ಮುಗಿದ ಮೇಲೆ ಒಳಗೆ ಹೋದಳಂತೆ, ಜನ ಕೀರ್ತನೆ ಹಾಡುತ್ತಿದ್ದರಂತೆ. ಆಕೆಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ದೂರದಿಂದ ಬಿಳಿ ನಿಲುವಂಗಿ ಮಾತ್ರ ಕಾಣಿಸಿದೆ. ಸಾಲಿನಲ್ಲಿ ಹೋಗಿ ಮಂಡಿಯೂರಿ, ಕಣ್ಣು ಮುಚ್ಚಿ, ಕೈ ಚಾಚಿದ್ದಾಳೆ.

"ಅಲ್ಲೂ ಅವಳೇ ಕಣೆ," ಎಂದಳು.

ನನಗೆ ನಗು ಬಂತು, ನಕ್ಕೆ.

"ನಗು, ನಗು. ದೇವರೂ ನಗ್ತಿರಬೇಕು. ದನಿ ಕೇಳಿ ಕಣ್ಣು ಬಿಟ್ಟೆ. ರೊಟ್ಟಿ ನನ್ನ ಕೈ ಮೇಲೆ ಇಡೋಕೆ ಬಗ್ಗಿದ್ಳು. ಎದ್ದು ಬಂದ್ಬಿಟ್ಟೆ. ಅಷ್ಟು ಜನ ಇದ್ರು."

ನಗು ನಿಂತಿತು. ಬಾಯಿ ತೆಗೆದು ತಿನ್ನೋಕೆ ನಿಂಗೇನು ರೋಗ ಅಕ್ಕ, ಸಾಕಿದ ಮಗು ತಾನೇ ಎಂದು ಬೈದೆ. ಹುರುಳಿಕಾಯಿ ಬಿಡಿಸುತ್ತಿದ್ದೆ, ಆಕೆಯೂ ಒಂದು ಹಿಡಿ ತೆಗೆದುಕೊಂಡು ನಾರು ಕೀಳತೊಡಗಿದಳು. ಆಮೇಲೆ ತಲೆ ತಗ್ಗಿಸಿಯೇ ಹೇಳಿದಳು.

"ಅವಳು ಅಲ್ಲಿ ನಿಂತಿರೋದು ಸರಿ ಅಂದ್ರೆ, ನಾನು ನಲವತ್ತು ವರ್ಷ ಆ ಮೆಟ್ಟಿಲು ಯಾಕೆ ಹತ್ತಲಿಲ್ಲ? ದೇವರು ಬೇಡ ಅಂದಿದ್ದಾನೆ ಅಂತ ತಾನೇ ಸುಮ್ನೆ ಕೂತಿದ್ದು. ಅವನು ಅಂದೇ ಇರಲಿಲ್ಲ ಅಂದ್ರೆ ನಾನು ಏನು ಮಾಡ್ಲಿ ಈಗ?"

ಸಾರಿಗೆ ಕುದಿ ಬಂದಿತ್ತು, ಎದ್ದು ಹೋದೆ.

ಆ ವರ್ಷವೇ ಆಕೆಗೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ಆಸ್ಪತ್ರೆಯವರು ಕೊಯ್ದು ನೋಡಿ, ಹಾಗೇ ಹೊಲಿದು, ಮನೆಗೆ ಕರೆದುಕೊಂಡು ಹೋಗಿ ಎಂದರು. ಹುಡುಗಿ ಪಾದ್ರಿಗಳ ಮನೆಯಲ್ಲಿದ್ದಳು, ಚರ್ಚಿನ ಮುಂದುಗಡೆ. ದೊಡ್ಡಮ್ಮನನ್ನು ಅಲ್ಲಿಗೆ ಕರೆದರೆ ಬರಲಿಲ್ಲ. ಹುಡುಗಿಯೇ ಹಿಂದಿನ ಕೋಣೆಗೆ ಬಂದು ಮಲಗತೊಡಗಿದಳು. ರಾಗಿ ಗಂಜಿ ಕುಡಿಸುತ್ತಿದ್ದಳು, ಬೆನ್ನು ಒರೆಸುತ್ತಿದ್ದಳು, ಬಟ್ಟೆ ಬದಲಾಯಿಸುತ್ತಿದ್ದಳು. ಆ ಕೈಯಿಂದ ಎಲ್ಲವನ್ನೂ ಮಾಡಿಸಿಕೊಂಡಳು ಮುದುಕಿ. ತಲೆ ಬಾಚಿಸಿಕೊಳ್ಳುವಾಗ ಬೈತಲೆ ಸೊಟ್ಟ ಎಂದು ಗೊಣಗುತ್ತಿದ್ದಳು. ಇಬ್ಬರೂ ನಗುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು.

ಹಾಸಿಗೆ ಹಿಡಿದವರಿಗೆ ಪಾದ್ರಿ ಮನೆಗೇ ಭೋಜನ ತರುತ್ತಾರೆ. ಅದಕ್ಕೊಂದು ಸಣ್ಣ ಪೆಟ್ಟಿಗೆ, ಒಳಗೆ ಬೆರಳುದ್ದದ ಲೋಟ, ಪುಟ್ಟ ತಟ್ಟೆ. ಸಾಯುವ ಮುಂಚೆ ಅದನ್ನು ತೆಗೆದುಕೊಳ್ಳದೆ ಹೋದರು ಎಂದರೆ ನಮ್ಮಲ್ಲಿ ದೊಡ್ಡ ಮಾತು. ಬೇರೆ ಅಯ್ಯನವರನ್ನು ಕರೆಸಲಾ ಎಂದು ಹುಡುಗಿಯೇ ಕೇಳಿದಳು. ಬೇಡ, ನಿನ್ನ ಚರ್ಚಿಗೆ ಬೇರೆಯವರನ್ನು ಕರೆಸಿ ನಿನಗೆ ಅವಮಾನ ಮಾಡಲ್ಲ ಎಂದಳು ಮುದುಕಿ. ಈ ತಲೆಗೆ ಏನು ಹೇಳುವುದು. ಇನ್ನೊಬ್ಬರಿಂದಲೂ ಬೇಡ, ಇವಳಿಂದಲೂ ಬೇಡ.

ಒಂದು ಮಧ್ಯಾಹ್ನ ಹುಡುಗಿ ನಿಲುವಂಗಿ ಹಾಕಿಕೊಂಡು ಪೆಟ್ಟಿಗೆ ಹಿಡಿದು ಬಂದೇಬಿಟ್ಟಳು. ನಾನು ಒಳಗೇ ಇದ್ದೆ. ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಪ್ರಾರ್ಥನೆ ಓದಿ, ರೊಟ್ಟಿ ಮುರಿದು, ಒಂದು ತುಂಡನ್ನು ಹಾಸಿಗೆಯ ಹತ್ತಿರ ಹಿಡಿದಳು.

"ದೊಡ್ಡಮ್ಮ, ಇದು ನಾನು ಕೊಡ್ತಿರೋದಲ್ಲ. ಅವನು ಕೊಡ್ತಿರೋದು."

"ಗೊತ್ತು ಮಗಾ. ಕೈ ನಿಂದು."

"ಇದೇ ಕೈಯಲ್ಲಿ ಬೆಳಿಗ್ಗೆ ಗಂಜಿ ಕುಡಿದ್ಯಲ್ಲ."

"ಗಂಜಿ ತಗೊಂಡು ಬಾ, ಈಗ್ಲೂ ಕುಡೀತೀನಿ."

ಹುಡುಗಿ ಕೈ ಹಿಂದಕ್ಕೆ ತೆಗೆಯಲಿಲ್ಲ. ಮುದುಕಿ ಆ ಕೈಯನ್ನೇ ನೋಡಿದಳು, ಆಮೇಲೆ ಗೋಡೆಯ ಕಡೆ ತಿರುಗಿದಳು. ಮುರಿದ ರೊಟ್ಟಿಯನ್ನು ಎಸೆಯುವ ಹಾಗಿಲ್ಲ, ಉಳಿದದ್ದನ್ನು ಪಾದ್ರಿಯೇ ತಿನ್ನಬೇಕು. ಹುಡುಗಿ ನೆಲದ ಮೇಲೆ ಕೂತು ಎರಡು ಪಾಲನ್ನೂ ತಿಂದಳು, ರಸವನ್ನೂ ಕುಡಿದಳು. ಹೊರಗೆ ನಲ್ಲಿಯ ಹತ್ತಿರ ಹೋಗಿ ಲೋಟ ತೊಳೆದಳು. ಅಷ್ಟು ಸಣ್ಣ ಲೋಟ ತೊಳೆಯಲು ಬಹಳ ಹೊತ್ತು ಹಿಡಿಯಿತು.

ಅವಳು ಹೋದ ಮೇಲೆ ಮುದುಕಿ ಹತ್ತಿರ ಕರೆದಳು. ಕಿವಿ ಬಗ್ಗಿಸಿದೆ.

"ಮಣ್ಣು ಅವಳೇ ಹಾಕ್ಲಿ. ಬೇರೆ ಯಾರೂ ಬೇಡ. ಆಗ ನಂಗೆ ಎದ್ದು ಹೋಗೋಕಾಗಲ್ಲ."

ಈಗಲೇ ಹೇಳಲಾ ಎಂದೆ. ನಾನು ಕಣ್ಣು ಮುಚ್ಚುವ ತನಕ ಹೇಳಬೇಡ, ಹೇಳಿದರೆ ಮತ್ತೆ ಪೆಟ್ಟಿಗೆ ತಗೊಂಡು ಬರ್ತಾಳೆ ಎಂದಳು. ನಮ್ಮಲ್ಲಿ ಸಮಾಧಿಯ ಹತ್ತಿರ ಪಾದ್ರಿ ಮಾತು ಓದಿ ಮೊದಲ ಮಣ್ಣು ಹಾಕಬೇಕು, ಆಮೇಲೆ ಉಳಿದವರು. ಆಕೆ ಹೇಳಿದ್ದು ಆ ಮೊದಲ ಮಣ್ಣು.

ಅದಾದ ವಾರದೊಳಗೆ, ಒಂದು ಬೆಳಿಗ್ಗೆ, ಹುಡುಗಿ ಹಾಲು ತರಲು ಹೋಗಿದ್ದಾಗ ಮುದುಕಿ ಸತ್ತಳು. ನಾನೂ ಹುಡುಗಿಯೂ ಮೈ ತೊಳೆದು ಬಿಳಿ ಸೀರೆ ಉಡಿಸಿದೆವು. ಸಾಯಂಕಾಲ ಮಣ್ಣು ಎಂದು ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಚರ್ಚಿನ ಅಂಗಳ ತುಂಬಿತು. ನಮ್ಮವರು ಮಾತ್ರ ಅಲ್ಲ. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ವಿಜಾಪುರ ಕಡೆಯ ಒಬ್ಬ ಹೆಣ್ಣುಮಗಳೂ ಬಂದಿದ್ದಳು, ಹಣೆಯ ತುಂಬ ವಿಭೂತಿ. ಅವಳ ಕೂಸಿಗೆ ಜ್ವರ ಬಂದಾಗೆಲ್ಲ ಬೈಬಲಮ್ಮ ಹೋಗಿ ಕೂರುತ್ತಿದ್ದಳಂತೆ.

ಸೆಕ್ರೆಟರಿ ಒಬ್ಬ ರಿಟೈರಾದ ಅಯ್ಯನವರನ್ನು ಕಾರಿನಲ್ಲಿ ಕರೆತಂದರು. ಒಳ್ಳೆಯ ಮುದುಕ, ಕಿವಿ ಮಂದ. ಎಲ್ಲವನ್ನೂ ಇವರೇ ಮಾಡುತ್ತಾರೆ, ಮೇಡಂ ಮನೆಯವರ ಜೊತೆ ಕೂರಲಿ ಎಂದು ಸೆಕ್ರೆಟರಿ ಹೇಳಿದರು. ನಾನು ಹೋಗಿ ಬೈಬಲಮ್ಮ ನನಗೆ ಹೇಳಿದ್ದನ್ನು ಹೇಳಿದೆ. ಅವರು ನನ್ನ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

"ಅವರ ಕೈಯಿಂದ ರೊಟ್ಟಿನೇ ತಗೊಳ್ಳಲಿಲ್ಲ ಬೈಬಲಮ್ಮ. ಮಣ್ಣು ತಗೋತಾರಾ? ಇಷ್ಟು ಜನರಲ್ಲಿ ನಿಂಗೊಬ್ಬಳಿಗೇ ಹೇಳಿದ್ರಾ? ಹೋಗಮ್ಮ, ಗಂಟೆ ನೋಡು."

ಗಂಟೆ ನೋಡು ಎಂದರಲ್ಲ, ನೋಡಿದೆ. ನಮ್ಮ ಚರ್ಚಿನಲ್ಲಿ ಗಂಟೆಯ ಮೊದಲ ಪೆಟ್ಟು ಬಿದ್ದ ಮೇಲೆಯೇ ಹೆಣದ ಪೆಟ್ಟಿಗೆ ಎತ್ತುವುದು. ಅದಕ್ಕೆ ಮುಂಚೆ ಎತ್ತಿದವರಿಲ್ಲ. ಒಳಗೆ ಪ್ರಾರ್ಥನೆ ಮುಗಿಯಿತು, ಹೊರುವವರು ಪೆಟ್ಟಿಗೆಯ ಹತ್ತಿರ ಬಗ್ಗಿ ಕಾದರು. ನಾನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಸುಮ್ಮನೆ ನಿಂತೆ. ಸೆಕ್ರೆಟರಿ ಬಂದರು. ಹುಡುಗಿ ಮುಂದೆ ಬರಲಿ, ಆಮೇಲೆ ಹೊಡೀತೀನಿ ಎಂದೆ. ಹುಚ್ಚು ಹಿಡಿದಿದೆ ಇವಳಿಗೆ ಎಂದು ಯಾರೋ ಅಂದರು. ಆ ವಿಜಾಪುರದ ಹೆಣ್ಣುಮಗಳು ಹತ್ತಿರವೇ ನಿಂತಿದ್ದಳು. ಅವಳು ಯಾರಿಗೂ ಹೆದರದೆ ಕೇಳಿದಳು.

"ಮಗಳೇ ಪೂಜಾರಿ ಅದಾಳಂತಲ್ರೀ. ಮತ್ತ ಆಕಿನ್ನ ಯಾಕ ಹಿಂದ ನಿಲ್ಲಿಸೀರಿ?"

ಗದ್ದಲ ಕೇಳಿ ಹುಡುಗಿ ಹೊರಗೆ ಬಂದಳು. ಬೆಳಿಗ್ಗೆಯಿಂದ, ಮೈ ತೊಳೆಯುವಾಗಲೂ, ಅವಳ ಸುತ್ತ ಜನ, ನನಗೆ ಹೇಳಲು ಆಗಿರಲಿಲ್ಲ. ಅಲ್ಲೇ ಎಲ್ಲರೆದುರು ಹೇಳಿದೆ, ಮುದುಕಿ ಹೇಳಿದ ಮಾತಿನಲ್ಲೇ. ಎದ್ದು ಹೋಗೋಕಾಗಲ್ಲ ಎನ್ನುವಲ್ಲಿಗೆ ಬಂದಾಗ ಹುಡುಗಿಯ ಮೂಗಿನಿಂದ ನಗುವಿನಂಥದ್ದೊಂದು ಹೊರಟಿತು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ತೆಗೆದಾಗ ಕಣ್ಣು ಒಣಗಿಯೇ ಇತ್ತು.

"ಇದು ದೊಡ್ಡಮ್ಮಂದೇ ಮಾತು," ಎಂದಳು. ಆಮೇಲೆ, "ಗಂಟೆ ಹೊಡಿ ಚಿಕ್ಕಮ್ಮ. ಹೆಣ ಮಧ್ಯ ಇಟ್ಕೊಂಡು ಜಗಳ ಬೇಡ. ಬಿಸಿಲಿದೆ, ಜನ ನಿಂತಿದ್ದಾರೆ."

ಪಾದ್ರಿಯ ಮಾತು ಅದು. ನನಗೆ ಬೇಕಿದ್ದದ್ದು ಅದಲ್ಲ. ಆದರೂ ಹೊಡೆದೆ.

ಸಮಾಧಿಯ ಹತ್ತಿರ ರಿಟೈರಾದ ಅಯ್ಯನವರು ಓದಿದರು, ಅವರೇ ಮೊದಲ ಮಣ್ಣು ಹಾಕಿದರು. ಹುಡುಗಿ ಮನೆಯವರ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಒಂದು ಹಿಡಿ ಹಾಕಿ ಹಿಂದೆ ಸರಿದಳು. ಸೆಕ್ರೆಟರಿ ಸತ್ತವಳ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ಬೈಬಲಮ್ಮ ತನ್ನ ಜಾಗ ಅರಿತು ನಡೆದವರು ಎಂದರು. ಗುಂಪಿನಲ್ಲಿ ಹೆಂಗಸರು ತಲೆಯಾಡಿಸಿದರು. ಕೆಲವರು ಅಳುತ್ತಿದ್ದರು.

ಅದಾಗಿ ಒಂದು ವರ್ಷ ಹುಡುಗಿ ನಮ್ಮಲ್ಲಿ ಇದ್ದಳು. ಭೋಜನದ ಭಾನುವಾರ ಊರಿಗೆ ಹೋಗುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಆಮೇಲೆ ದೂರದ ಹಳ್ಳಿಗಳ ಕಡೆ ವರ್ಗ ಮಾಡಿಸಿಕೊಂಡಳು. ಈಗ ಅವಳ ತಲೆಯೂ ಬೆಳ್ಳಗಾಗಿದೆ. ಫೋನಿನಲ್ಲಿ ಮಾತಾಡುತ್ತಾಳೆ, ರೊಟ್ಟಿಯ ಮಾತು ನಾವಿಬ್ಬರೂ ಎತ್ತುವುದಿಲ್ಲ. ಚರ್ಚಿಗೆ ಈಗ ಕರೆಂಟಿನ ಗಂಟೆ ಬಂದಿದೆ.

ಆದರೆ ಮಣ್ಣಾದ ಮರುದಿನ ಬೆಳಿಗ್ಗೆ ನಾನು ಎದ್ದು, ಚರ್ಚಿನ ಬೀಗ ತೆಗೆಯುವ ಮುಂಚೆಯೇ, ಹುಡುಗಿಯ ಬಾಗಿಲು ತಟ್ಟಿದೆ. ನಿಲುವಂಗಿ ಹಾಕ್ಕೊಂಡು ಪುಸ್ತಕ ತಗೊಂಡು ಬಾ ಎಂದೆ. ಅವಳು ಹಾಕಿಕೊಂಡು ಬಂದಳು. ಆಟೋದವನು ಕನ್ನಡಿಯಲ್ಲಿ ಅವಳ ಬಿಳಿ ಅಂಗಿಯನ್ನು ನೋಡಿ ನೋಡಿ ಓಡಿಸಿದ. ಸಮಾಧಿ ಭೂಮಿಯಲ್ಲಿ ಯಾರೂ ಇರಲಿಲ್ಲ. ಗುಡ್ಡೆ ಹಾಕಿದ ಮಣ್ಣು ಹಸಿಯಾಗಿತ್ತು, ಮೇಲೆ ನಿನ್ನೆಯ ಹೂವಿನ ಹಾರಗಳು. ಅವಳು ತಲೆಯ ಕಡೆ ನಿಂತಳು, ನಾನು ಕಾಲಿನ ಕಡೆ ನಿಂತೆ. ಪುಸ್ತಕ ತೆಗೆದು ಮೊದಲಿನಿಂದ ಓದಿದಳು, ಒಂದು ಸಾಲನ್ನೂ ಬಿಡಲಿಲ್ಲ, ಚರ್ಚು ತುಂಬಿದ್ದಾಗ ಓದುವಷ್ಟು ಗಟ್ಟಿಯಾಗಿ. ಬಗ್ಗಿ ಮೂರು ಸಲ ಮಣ್ಣು ಹಾಕಿದಳು. ಆಮೆನ್ ಎನ್ನಲು ನಾನೊಬ್ಬಳೇ ಇದ್ದೆ, ಅಂದೆ. ಆಮೇಲೆ ಅವಳು ಅಲ್ಲೇ ಕೂತುಬಿಟ್ಟಳು. ನಾನು ಬೇವಿನ ಸೊಪ್ಪು ಮುರಿದುಕೊಂಡು, ಬಾಡಿದ ಹಾರಗಳನ್ನು ಒಂದು ಕಡೆ ತೆಗೆದುಹಾಕಿ, ಸಮಾಧಿಯ ಸುತ್ತ ಗುಡಿಸಿದೆ.